ಕೈತೋಟದ ಜಮಾಖರ್ಚು

ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ

ಮನೆಯಲ್ಲೇ ತರಕಾರಿ ಬೆಳೆದರೆ ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ವಾಣಿಜ್ಯ ವಿಭಾಗದವರಿಗೆ 'ಪುಕ್ಕಟೆ' ಎಂಬ ಪದ ಕೇಳಿದರೆ ಸ್ವಲ್ಪ ಅನುಮಾನ. ಯಾವ ವಸ್ತುವಿಗೂ ಒಂದು ವೆಚ್ಚ ಇದ್ದೇ ಇರುತ್ತದೆ, ಅದನ್ನು ಯಾರೋ ಒಬ್ಬರು ಭರಿಸುತ್ತಿರುತ್ತಾರೆ. ಈ ಲೇಖನದಲ್ಲಿ ಮೊದಲು ನಮ್ಮ ದರೋಜಿಯಂಥ ಊರಿನಲ್ಲಿ ರಾಸಾಯನಿಕವಿಲ್ಲದೆ ತರಕಾರಿ ಬೆಳೆಯುವ ಕ್ರಮವನ್ನು ನೋಡೋಣ. ಆಮೇಲೆ ಅದರ ಲೆಕ್ಕ ಬರೆಯೋಣ.

ಸಾವಯವ ಏಕೆ?

ಕೀಟನಾಶಕ ಹೊಡೆದ ಮೇಲೆ ಇಷ್ಟು ದಿನ ಕಾಯ್ದು ಕೊಯ್ಯಬೇಕು ಎಂಬ ನಿಯಮವಿದೆ. ಸಂತೆಯಲ್ಲಿ ಕೊಂಡ ಬದನೆಕಾಯಿಗೆ ಎಷ್ಟು ದಿನ ಕಾದಿದ್ದಾರೆ ಎಂದು ನಮಗೆ ತಿಳಿಯುವುದಿಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆಯಂಥ ಕನ್ನಡಿಗರ ಊರುಗಳ ಕಥೆ ನಮಗೆ ಪಾಠವಾಗಬೇಕು. ಅಲ್ಲಿನ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಅಲ್ಲಿ ಎಷ್ಟೋ ಮಕ್ಕಳು ಹುಟ್ಟಿನಿಂದಲೇ ಕಾಯಿಲೆಗೆ ತುತ್ತಾದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಔಷಧಿಯನ್ನು ದೇಶದಲ್ಲೆಲ್ಲ ತಡೆಯಿತು. ಕರ್ನಾಟಕ ಸರ್ಕಾರ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ತಂದಿದೆ. ಹೊಲದಲ್ಲಿ ಅದನ್ನು ಪಾಲಿಸುವುದು ರೈತರಿಗೆ ಕಷ್ಟವಿರಬಹುದು. ಹಿತ್ತಲಿನಲ್ಲಿ ನಾಲ್ಕು ಗಿಡಕ್ಕೆ ಕಷ್ಟವಿಲ್ಲ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ 5-6 ಗಂಟೆ ಬಿಸಿಲು ಬೀಳುವ ಜಾಗ ಬೇಕು. ಹಿತ್ತಲಿಲ್ಲದವರು ಮಾಳಿಗೆಯ ಮೇಲೆ ಸಿಮೆಂಟಿನ ಖಾಲಿ ಚೀಲ, ಒಡೆದ ಬಕೆಟ್, ಎಣ್ಣೆ ಡಬ್ಬಿ ಇಡಬಹುದು. ತಳಕ್ಕೆ ನಾಲ್ಕೈದು ತೂತು ಇರಲಿ. ಚೀಲಗಳನ್ನು ಚೆನ್ನಾಗಿ ಕೊಡವಿ ತೊಳೆಯಬೇಕು. ಕೀಟನಾಶಕ ಇದ್ದ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಳಸಬಾರದು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ ಬೆರೆಸಿದರೆ ಸಾಕು. ಬರೀ ಕಪ್ಪು ಮಣ್ಣು ತುಂಬಿದರೆ ಮಳೆಗೆ ಅಂಟಾಗಿ ಬಿಸಿಲಿಗೆ ಬಿರಿಯುತ್ತದೆ. ಮೇಲೆ ಎರಡು ಬೆರಳು ದಪ್ಪ ಹೊದಿಕೆ ಹಾಕಬೇಕು. ಕಂಪ್ಲಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಸಿಗುವ ಭತ್ತದ ಹೊಟ್ಟು ಇದಕ್ಕೆ ಒಳ್ಳೆಯದು. ಒಣಗಿದ ಎಲೆಯೂ ಆಗುತ್ತದೆ. ಹೊದಿಕೆ ಇದ್ದರೆ ಮಣ್ಣಿನ ತೇವ ಬೇಗ ಆರುವುದಿಲ್ಲ, ಕಳೆಯೂ ಕಡಿಮೆ.

ಗೊಬ್ಬರ

ಅಡುಗೆಮನೆಯ ಸಿಪ್ಪೆ, ಚಹಾ ಪುಡಿ, ಮೊಟ್ಟೆ ಚಿಪ್ಪನ್ನು ಒಂದು ತೂತಿನ ಡ್ರಮ್ಮಿಗೆ ಹಾಕಿ. ಪ್ರತಿ ಸಲ ಅದರ ಎರಡರಷ್ಟು ಒಣ ಎಲೆ ಮುಚ್ಚಿ. ವಾರಕ್ಕೊಮ್ಮೆ ತಿರುವಿ. ಹಿಂಡಿದ ಬಟ್ಟೆಯಷ್ಟು ತೇವ ಇರಲಿ. ನಾತ ಬಂದರೆ ನೀರು ಹೆಚ್ಚಾಗಿದೆ ಎಂದು ಅರ್ಥ, ಇನ್ನಷ್ಟು ಒಣ ಎಲೆ ಹಾಕಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಮಾಂಸ, ಮೂಳೆ, ಎಣ್ಣೆಯ ಪದಾರ್ಥ ಬೇಡ. ನಾಯಿ, ಹೆಗ್ಗಣ ಬರುತ್ತವೆ.

ನಮ್ಮ ಭಾಗದಲ್ಲಿ ಕುರಿ, ಆಡಿನ ಹಿಕ್ಕೆಗೆ ಕೊರತೆಯಿಲ್ಲ. ಹಸಿ ಹಿಕ್ಕೆ ಬೇರು ಸುಡುತ್ತದೆ, ಕಳಿಸಿಯೇ ಬಳಸಬೇಕು. ಜೀವಾಮೃತವನ್ನೂ ಹಲವರು ಮಾಡುತ್ತಾರೆ. ಅದರಲ್ಲಿ ಗಂಜಲ ಇರುವುದರಿಂದ ನಮಾಜಿನ ಬಟ್ಟೆಯ ಚಿಂತೆ ಇರುವ ಮನೆಯವರು ಹಿಂಜರಿಯಬಹುದು. ಅವರಿಗೆ ಎರೆಗೊಬ್ಬರ ಮತ್ತು ಬೇವಿನ ಹಿಂಡಿ ಸಾಕು. ಸಾವಯವ ಅಂದರೆ ಒಂದೇ ದಾರಿ ಅಲ್ಲ.

ಯಾವಾಗ ಏನು ಹಾಕಬೇಕು?

ಮುಂಗಾರಿಗೆ, ಅಂದರೆ ಜೂನ್-ಜುಲೈನಲ್ಲಿ: ಬೆಂಡೆ, ಗೋರಿಕಾಯಿ, ಹೀರೆ, ಬದನೆ, ಮೆಣಸಿನಕಾಯಿ.

ಅಕ್ಟೋಬರಿನಿಂದ ಜನವರಿವರೆಗೆ: ಪಾಲಕ್, ಮೆಂತ್ಯ, ಕೊತ್ತಂಬರಿ, ಟೊಮೆಟೊ, ಮೂಲಂಗಿ.

ಬೇಸಿಗೆಗೆ: ಹರಿವೆ, ಪುಂಡಿ, ಬೆಂಡೆ. ಉರ್ದು ಮನೆಗಳಲ್ಲಿ ಅಂಬಾಡಾ ಎನ್ನುವುದು ಈ ಪುಂಡಿಯನ್ನೇ. ನಮ್ಮ ಬಿಸಿಲನ್ನು ತಡೆಯುವ ಗಟ್ಟಿ ಸೊಪ್ಪು ಅದು. ಕೊತ್ತಂಬರಿಯನ್ನು ಬೇಸಿಗೆಯಲ್ಲಿ ಹಾಕಿದರೆ ಎಲೆ ಬಿಡುವ ಮೊದಲೇ ಹೂವಿಗೆ ಬಂದುಬಿಡುತ್ತದೆ.

ಹೊಸಬರು ಸೊಪ್ಪಿನಿಂದ ಶುರು ಮಾಡುವುದು ಲೇಸು. ಮೆಂತ್ಯ, ಹರಿವೆ 25-30 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಬೆಂಡೆಗೆ 45-50 ದಿನ ಬೇಕು. ಟೊಮೆಟೊ, ಬದನೆ ಸಸಿ ನಾಟಿದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಯಬೇಕು.

ಬೀಜ ಕೊಳ್ಳುವಾಗ ಪೊಟ್ಟಣ ಓದಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕಾ' ಬೆಂಡೆಯಿಂದ ಬೀಜ ಉಳಿಸಿಕೊಂಡು ಮುಂದಿನ ವರ್ಷ ಬಿತ್ತಬಹುದು. ಅದೇ ಸಂಸ್ಥೆಯ 'ಅರ್ಕಾ ರಕ್ಷಕ್' ಟೊಮೆಟೊ ರೋಗಗಳನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಅದು ಹೈಬ್ರಿಡ್. ಅದರ ಬೀಜ ಉಳಿಸಿ ಬಿತ್ತಿದರೆ ತಾಯಿ ಗಿಡದಂತೆಯೇ ಬರುವುದಿಲ್ಲ. ಲೆಕ್ಕದ ದೃಷ್ಟಿಯಿಂದ ಮೊದಲನೆಯದು ಒಮ್ಮೆಯ ಖರ್ಚು, ಎರಡನೆಯದು ಪ್ರತಿ ವರ್ಷದ ಖರ್ಚು.

ನೀರು

ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಸಾಲು ನಿಲ್ಲುವಾಗ ಗಿಡಕ್ಕೆ ನೀರೆಲ್ಲಿಂದ ಎಂದು ಕೇಳುತ್ತಾರೆ. ಉತ್ತರ ನಮ್ಮ ಮನೆಗಳಲ್ಲೇ ಇದೆ: ವುಜೂ ನೀರು. ಅದರಲ್ಲಿ ಸೋಪು ಇರುವುದಿಲ್ಲ. ಬಚ್ಚಲಿಗೆ ಹರಿಸುವ ಬದಲು ಒಂದು ಅಗಲ ಬೇಸಿನ್ ಮೇಲೆ ಕೂತು ವುಜೂ ಮಾಡಿದರೆ ಆಯಿತು. ಮನೆಯಲ್ಲಿ 4 ಜನ ದಿನಕ್ಕೆ 3 ಸಲ, ಸಲಕ್ಕೆ 2 ಲೀಟರಿನಂತೆ ಬಳಸಿದರೆ 24 ಲೀಟರ್ ಆಗುತ್ತದೆ. ಚೀಲಕ್ಕೆ ಒಂದು ಲೀಟರ್ ಹಾಕಿದರೆ 24 ಚೀಲಕ್ಕೆ ಸಾಕು. ಪ್ರವಾದಿಯವರು (ಸ.ಅ.) ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿನೊಳಗಿನ ನೀರಿನಲ್ಲಿ ವುಜೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಆ ಅಳತೆಗೆ ಬಂದರೆ ನಮ್ಮ ಬೇಸಿನ್ನಿಗೆ ಬೀಳುವ ನೀರು ಕಡಿಮೆಯಾಗುತ್ತದೆ, ಕೊಡದಲ್ಲಿ ಉಳಿಯುವುದು ಹೆಚ್ಚಾಗುತ್ತದೆ. ಎರಡೂ ಲಾಭವೇ.

ನೆಲದಲ್ಲಿ ಬೆಳೆಯುವವರು ಹಳೆಯ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ಗಿಡ ಹಾಕಬಹುದು. ಮಡಕೆಯಿಂದ ಒಸರುವ ನೀರು ನೇರವಾಗಿ ಬೇರಿಗೆ ಹೋಗುತ್ತದೆ. ನೀರು ಹಾಕುವುದು ಬೆಳಿಗ್ಗೆ ಅಥವಾ ಅಸರ್ ಕಳೆದ ಮೇಲೆ. ಏಪ್ರಿಲ್-ಮೇ ತಿಂಗಳಲ್ಲಿ ಹಳೆಯ ಸೀರೆಯ ನೆರಳಾದರೂ ಬೇಕು.

ಕೀಟ, ರೋಗ

ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಸಂಜೆ ಎಲೆಯ ಅಡಿಗೆ ಸಿಂಪಡಿಸಬೇಕು. ಇದನ್ನೇ 5% ಕಷಾಯ ಎನ್ನುವುದು. ಬೆಂಡೆಯ ಎಲೆಯ ನರ ಹಳದಿಯಾದರೆ ಅದು ಬಿಳಿ ನೊಣ ಹರಡುವ ನಂಜು ರೋಗ. ಅದಕ್ಕೆ ಔಷಧಿಯಿಲ್ಲ. ಗಿಡ ಕಿತ್ತು ಹಾಕಬೇಕು. ಹಳದಿ ಬಣ್ಣದ ಹಲಗೆಗೆ ಹರಳೆಣ್ಣೆ ಸವರಿ ತೂಗುಹಾಕಿದರೆ ಬಿಳಿ ನೊಣ ಅದಕ್ಕೆ ಅಂಟಿಕೊಳ್ಳುತ್ತದೆ. ಟೊಮೆಟೊ ಸುತ್ತ ಚೆಂಡು ಹೂವಿನ ಗಿಡ ಹಾಕಿದರೆ ಕಾಯಿಕೊರಕ ಆ ಹೂವಿಗೆ ಮೊದಲು ಹೋಗುತ್ತದೆ. ರಸ್ತೆ ಬದಿಯ ಮನೆಗಳಲ್ಲಿ ಅದಿರಿನ ಕೆಂಪು ದೂಳು ಎಲೆಯ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ನೀರು ಚಿಮುಕಿಸಬೇಕು, ಕೊಯ್ದ ಸೊಪ್ಪನ್ನು ಎರಡು ನೀರಿನಲ್ಲಿ ತೊಳೆಯಬೇಕು.

ಈಗ ಲೆಕ್ಕ

ಇದು ತಿಳಿಯಲೆಂದು ಹಾಕಿದ ಉದಾಹರಣೆ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು.

ಬಂಡವಾಳ ವೆಚ್ಚ (ನೆರಳು ಬಲೆ, ಡ್ರಮ್ಮು, ಸಲಿಕೆ): 1,200 ರೂ. ಬಾಳಿಕೆ 3 ವರ್ಷ. ವಾರ್ಷಿಕ ಸವಕಳಿ: 400 ರೂ.
ವರ್ಷದ ಚಾಲ್ತಿ ಖರ್ಚು (ಬೀಜ, ಹಿಂಡಿ, ಇತರೆ): 500 ರೂ.
ಒಟ್ಟು ವೆಚ್ಚ: 900 ರೂ.
ಫಸಲಿನ ಬೆಲೆ: ವಾರಕ್ಕೆ 40 ರೂ. × 40 ವಾರ = 1,600 ರೂ.
ಉಳಿತಾಯ: 700 ರೂ.

ಇಲ್ಲಿಗೆ ಲೆಕ್ಕ ಮುಗಿಸಿದರೆ ಲಾಭ ಕಾಣುತ್ತದೆ. ಆದರೆ ಒಂದು ಖಾತೆ ಬಿಟ್ಟುಹೋಗಿದೆ. ದಿನಕ್ಕೆ ಅರ್ಧ ಗಂಟೆ ಕೆಲಸ, 40 ವಾರ ಅಂದರೆ 280 ದಿನ, ಒಟ್ಟು 140 ಗಂಟೆ. 700 ರೂಪಾಯಿಯನ್ನು 140ರಿಂದ ಭಾಗಿಸಿದರೆ ಗಂಟೆಗೆ 5 ರೂಪಾಯಿ ಕೂಲಿ. ಇಷ್ಟು ಕೂಲಿಗೆ ಊರಲ್ಲಿ ಯಾರೂ ಬರುವುದಿಲ್ಲ. ಮತ್ತೆ ಆ 140 ಗಂಟೆ ಯಾರು ದುಡಿದರು? ಹೆಚ್ಚಿನ ಮನೆಗಳಲ್ಲಿ ಅಮ್ಮಿ, ದಾದಿ, ಅಕ್ಕ. ಅವರ ದುಡಿಮೆಯನ್ನು ಸೊನ್ನೆ ಎಂದು ಬರೆದಿದ್ದರಿಂದಲೇ ತರಕಾರಿ 'ಪುಕ್ಕಟೆ' ಆಗಿದ್ದು. ಅವಕಾಶ ವೆಚ್ಚದ ಪಾಠವನ್ನು ಪರೀಕ್ಷೆಗೆ ಬರೆಯುವ ನಾವು ಮನೆಯಲ್ಲಿ ಅದನ್ನು ಮರೆತರೆ ಓದಿದ್ದಕ್ಕೆ ಏನು ಅರ್ಥ?

ಹಾಗಾದರೆ ಕೈತೋಟ ಬೇಡವೇ? ಬೇಕು. ಆದರೆ ದುಡ್ಡು ಉಳಿಸುವ ಉಪಾಯವೆಂದಲ್ಲ. ಔಷಧಿಯಿಲ್ಲದ ಸೊಪ್ಪು ತಾಜಾ ಸಿಗುತ್ತದೆ. ಸಂತೆ ಇಲ್ಲದ ದಿನವೂ ಸಾರಿಗೆ ಏನಾದರೂ ಇರುತ್ತದೆ. ಹೆಚ್ಚಾದದ್ದನ್ನು ಪಕ್ಕದ ಮನೆಗೆ ಕೊಡಬಹುದು. ನೆಟ್ಟ ಗಿಡದಿಂದ ಮನುಷ್ಯ ತಿಂದರೂ ಹಕ್ಕಿ ತಿಂದರೂ ಅದು ಸದಖಾ ಎಂದು ನಮಗೆ ಕಲಿಸಿದ್ದಾರೆ. ಇವಕ್ಕೆ ಲೆಡ್ಜರಿನಲ್ಲಿ ಕಾಲಂ ಇಲ್ಲ, ಬೆಲೆಯಂತೂ ಇದೆ.

ದುಡಿಮೆಯ ಭಾರಕ್ಕೆ ಪರಿಹಾರ ಭಾಗಾಕಾರ. ಅರ್ಧ ಗಂಟೆಯನ್ನು ನಾಲ್ಕು ಜನ ಹಂಚಿಕೊಂಡರೆ ತಲೆಗೆ ಏಳೂವರೆ ನಿಮಿಷ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಗಂಡುಮಕ್ಕಳೂ ನೀರು ಹಾಕಬಹುದು, ಗೊಬ್ಬರ ತಿರುವಬಹುದು. ಮೂರು ಚೀಲ ಮೆಂತ್ಯದಿಂದ ಶುರು ಮಾಡಿ. ಜೊತೆಗೆ ಒಂದು ನೋಟ್‌ಬುಕ್ ಇಡಿ: ದಿನಾಂಕ, ಖರ್ಚು, ಕೊಯ್ಲು, ಮತ್ತು ಆ ದಿನ ಕೆಲಸ ಮಾಡಿದವರ ಹೆಸರು. ಕೊನೆಯ ಕಾಲಂನಲ್ಲಿ ದಿನವೂ ಒಂದೇ ಹೆಸರು ಬರುತ್ತಿದ್ದರೆ ತೋಟ ಎಷ್ಟೇ ಹಸಿರಾಗಿದ್ದರೂ ಲೆಕ್ಕ ತಾಳೆಯಾಗಿಲ್ಲ ಎಂದೇ ತಿಳಿಯಿರಿ.