‘ಇಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ

ಪ್ರಶ್ನೆ: ಹಳೆಯ ಮಳೆ ದಾಖಲೆಗಳ ದೊಡ್ಡ ಫೈಲ್‌ಗಳನ್ನು ಪೂರ್ತಿ ಮೆಮೊರಿಗೆ ತರದೆ ಆರ್ ಭಾಷೆಯಲ್ಲಿ ಓದಲು, ಆಲ್ಟ್‌ರೆಪ್ ಬಳಸಿ ನನ್ನದೇ ಒಂದು ಪೂರ್ಣಾಂಕ ವೆಕ್ಟರ್ ಬರೆದಿದ್ದೇನೆ. ‘ಈಸ್ ಸಾರ್ಟೆಡ್’, ‘ನೋ ಎನ್‌ಎ’ ಎಂಬ ಎರಡು ಮೆಥಡ್‌ಗಳನ್ನು ಬಿಟ್ಟರೂ ಕೆಲಸ ನಡೆಯುತ್ತಿದೆ. ಅವನ್ನು ಬರೆಯಲೇಬೇಕೆ?

ಉತ್ತರ: ಬರೆಯಲೇಬೇಕೆಂದಿಲ್ಲ. ಬರೆದರೆ ಮಾತ್ರ ಸತ್ಯವನ್ನೇ ಹೇಳಬೇಕು, ಏಕೆಂದರೆ ಆ ಮಾತನ್ನು ಆರ್ ಮರುಪರೀಕ್ಷೆ ಮಾಡುವುದಿಲ್ಲ.

ವೆಕ್ಟರಿನ ಬೆಲೆಗಳನ್ನು ಬೇರೆ ರೂಪದಲ್ಲಿ ಇಟ್ಟುಕೊಳ್ಳಲು ಬಿಡುವ ಆಲ್ಟ್‌ರೆಪ್ ಬಂದದ್ದು 2018ರ ಏಪ್ರಿಲ್‌ನಲ್ಲಿ, ಆರ್ 3.5.0 ಜೊತೆಗೆ. ಅದಕ್ಕೂ ಮೊದಲು ಒಂದರಿಂದ ನೂರು ಕೋಟಿವರೆಗಿನ ಸಂಖ್ಯೆಗಳನ್ನು ಕೇಳಿದರೆ, ಸಂಖ್ಯೆಗೆ 4 ಬೈಟ್‌ನಂತೆ ಸುಮಾರು 4 ಜಿಬಿ ಮೆಮೊರಿ ಹೋಗುತ್ತಿತ್ತು. ಈಗ ಮೊದಲ ಸಂಖ್ಯೆ, ಉದ್ದ, ಹೆಜ್ಜೆ ಇಷ್ಟನ್ನೇ ಇಟ್ಟುಕೊಂಡರೆ ಸಾಕು. ಆ ಸಾಲು ಏರಿಕೆ ಕ್ರಮದಲ್ಲಿದೆ, ನಡುವೆ ಖಾಲಿ ಜಾಗವಿಲ್ಲ (ಆರ್‌ನಲ್ಲಿ ಅದರ ಗುರುತು ಎನ್‌ಎ) ಎಂಬುದು ಅದರ ಹುಟ್ಟಿನಿಂದಲೇ ಗೊತ್ತು. ಹಾಗಾಗಿ ಅದನ್ನು ಸಾರ್ಟ್ ಮಾಡಲು ಹೇಳಿದರೆ ಆರ್ ಇದ್ದದ್ದನ್ನೇ ಹಿಂದಿರುಗಿಸುತ್ತದೆ. ‘ಎನಿ ಎನ್‌ಎ’ ಎಂದು ಕೇಳಿದರೆ ಒಂದು ಸಂಖ್ಯೆಯನ್ನೂ ಮುಟ್ಟದೆ ಉತ್ತರಿಸುತ್ತದೆ. ನಿಮ್ಮ ಎರಡು ಮೆಥಡ್‌ಗಳಿಂದ ಸಿಗಬಹುದಾದ ಲಾಭ ಇದೇ.

ಈಗ ಎಡವುವ ಜಾಗ. ‘ಈಸ್ ಸಾರ್ಟೆಡ್’ 1 ಎಂದರೆ ಏರಿಕೆ ಕ್ರಮ, ಎನ್‌ಎಗಳೆಲ್ಲ ಕೊನೆಯಲ್ಲಿ. 2 ಎಂದರೆ ಏರಿಕೆಯೇ, ಆದರೆ ಎನ್‌ಎಗಳು ಮೊದಲಲ್ಲಿ. ಇವೇ ಋಣ ಸಂಖ್ಯೆಗಳಾದರೆ ಇಳಿಕೆ ಕ್ರಮ. 0 ಎಂದರೆ ‘ಗೊತ್ತಿಲ್ಲ’ ಅಲ್ಲ; ‘ಕ್ರಮದಲ್ಲಿಲ್ಲ ಎಂದು ಖಚಿತವಾಗಿ ಗೊತ್ತು’ ಎಂದು. ‘ಗೊತ್ತಿಲ್ಲ’ ಎನ್ನಲು ಬೇರೆಯದೇ ಬೆಲೆಯಿದೆ: ಅತ್ಯಂತ ಚಿಕ್ಕ ಪೂರ್ಣಾಂಕ, -2147483648. ‘ನೋ ಎನ್‌ಎ’ಯಲ್ಲಾದರೋ 1 ಎಂದರೆ ಎನ್‌ಎ ಇಲ್ಲವೆಂಬ ಖಾತರಿ, 0 ಎಂದರೆ ಖಾತರಿ ಕೊಡಲಾರೆ ಎಂದಷ್ಟೇ. ಅಕ್ಕಪಕ್ಕದ ಎರಡು ಮೆಥಡ್‌ಗಳಲ್ಲಿ ಒಂದೇ ಸೊನ್ನೆಗೆ ಎರಡು ಅರ್ಥ. ಇದು ಒಳ್ಳೆಯ ವಿನ್ಯಾಸವೆಂದು ನನಗೆ ಅನಿಸುವುದಿಲ್ಲ, ಆದರೆ ಇರುವುದು ಹೀಗೆ.

ಮಳೆ ದಾಖಲೆಯವರಿಗೆ ಇನ್ನೂ ಒಂದು ತೊಡಕುಂಟು. ಮಳೆ ಬಾರದ ದಿನ 0. ಅಳೆಯದ ದಿನಕ್ಕೆ -999 ಬರೆದಿಡುವ ರೂಢಿ. ಮಳೆಯ ಪ್ರಮಾಣದಂತೆ ಏರಿಕೆಯಲ್ಲಿ ಜೋಡಿಸಿದ ಫೈಲ್ ಒಂದರಲ್ಲಿ -999, -999, 0, 2, 7 ಎಂದಿದೆ ಎನ್ನಿ. ಓದುವಾಗ ನಿಮ್ಮ ವೆಕ್ಟರ್ -999 ಅನ್ನು ಎನ್‌ಎ ಮಾಡಿಕೊಡುತ್ತದೆ. ಫೈಲನ್ನು ನೋಡಿ ‘1’ ಎಂದರೆ ತಪ್ಪು: ಎನ್‌ಎಗಳು ತಲೆಯಲ್ಲಿ ಕೂತಿವೆ, ಹೇಳಬೇಕಾದ್ದು 2. ಫೈಲ್‌ನೊಳಗೆ ಆರ್‌ನ ಎನ್‌ಎ ಕಾಣಲಿಲ್ಲವೆಂದು ‘ನೋ ಎನ್‌ಎ’ಗೆ 1 ಕೊಟ್ಟರಂತೂ ‘ಎನಿ ಎನ್‌ಎ’ ಇಲ್ಲವೆಂದೇ ಸುಳ್ಳು ಹೇಳುತ್ತದೆ. ಎಚ್ಚರಿಕೆಯ ಸಂದೇಶ ಬರುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ. ತಪ್ಪು ಉತ್ತರ ಸದ್ದಿಲ್ಲದೆ ವರದಿಯವರೆಗೂ ಹೋಗುತ್ತದೆ. ನಿಧಾನವಾದ ಪ್ರೋಗ್ರಾಂ ಇದಕ್ಕಿಂತ ಎಷ್ಟೋ ಮೇಲು. ಹಾಗಾಗಿ ಹೊರಗೆ ಕೊಡುವ ಬೆಲೆಗಳನ್ನು ನೋಡಿ ಹೇಳಿ, ಒಳಗೆ ಬರೆದಿರುವುದನ್ನಲ್ಲ.

ಉತ್ತರ ಹುಡುಕಲೆಂದೇ ಆ ಮೆಥಡ್‌ಗಳೊಳಗೆ ಇಡೀ ಫೈಲ್ ಓದಬೇಡಿ. ಓದದೇ ಉಳಿಸಲಿಕ್ಕೆಂದೇ ಅಲ್ಲವೆ ಇಷ್ಟೆಲ್ಲ? ಬೇರೆ ಕೆಲಸಕ್ಕೆ ಒಮ್ಮೆ ಪೂರ್ತಿ ಓದಿದಾಗ ತಿಳಿದದ್ದನ್ನು ನೆನಪಿಟ್ಟುಕೊಳ್ಳಬಹುದು. ವೆಕ್ಟರನ್ನು ತಿದ್ದಲು ಯಾರಾದರೂ ಪಾಯಿಂಟರ್ ಕೇಳಿದ ಕ್ಷಣ ಆ ನೆನಪನ್ನು ಅಳಿಸಿಬಿಡಿ. ಆರ್‌ನ ಸ್ವಂತ ರ‍್ಯಾಪರ್ ವೆಕ್ಟರ್‌ಗಳೂ ಬರೆಯಲು ಪಾಯಿಂಟರ್ ಕೊಡುವಾಗ ಕ್ರಮ, ಎನ್‌ಎ ಕುರಿತ ತಮ್ಮ ಗುರುತುಗಳನ್ನು ಅಳಿಸಿಕೊಳ್ಳುತ್ತವೆ.

ಬರೆದಾದ ಮೇಲೆ ಅದೇ ದತ್ತಾಂಶವನ್ನು ಸಾಮಾನ್ಯ ವೆಕ್ಟರ್‌ನಲ್ಲೂ ಇಟ್ಟು, ಎರಡರ ಮೇಲೂ ಸಾರ್ಟ್, ಆರ್ಡರ್, ಎನಿ ಎನ್‌ಎ ನಡೆಸಿ ಹೋಲಿಸಿ. ಮೊದಲು ಆ -999 ಇರುವ ಫೈಲನ್ನೇ ತೆಗೆದುಕೊಳ್ಳಿ. ಅಲ್ಲಿಯವರೆಗೆ ಎರಡೂ ಮೆಥಡ್‌ಗಳನ್ನು ಬರೆಯದೆ ಬಿಡಬಹುದು. ನಿಮ್ಮ ಪರವಾಗಿ ಆರ್ ತಾನೇ ‘ಗೊತ್ತಿಲ್ಲ’ ಎಂದುಕೊಳ್ಳುತ್ತದೆ.