ಅನ್ನ ಬಿಟ್ಟು ಇಳಿಸಿದ ತೂಕವನ್ನು ಉಳಿಸಿಕೊಳ್ಳುವ ಬಗೆ



ತೋಟದ ಕೆಲಸಕ್ಕೆ ಯಂತ್ರಗಳು ಬಂದವು, ಮನೆ ಬಾಗಿಲಿಗೆ ವಾಹನ ಬಂತು. ಆದರೆ ತಟ್ಟೆಯಲ್ಲಿನ ಅನ್ನ, ಕಡುಬು, ಅಕ್ಕಿರೊಟ್ಟಿ ಅಷ್ಟೇ ಉಳಿದವು. ಇದರ ಫಲವಾಗಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಬೆಳೆಗಾರರ ಮನೆಗಳಲ್ಲಿಯೂ ಸಾಮಾನ್ಯವಾಗಿವೆ. ಅನ್ನ, ಸಕ್ಕರೆ ಬಿಟ್ಟು ಬೇಗನೆ ತೂಕ ಇಳಿಸಿಕೊಂಡ ಸದಸ್ಯರೂ ಇದ್ದಾರೆ. ಆದರೆ ಇಳಿಸಿದ ತೂಕವನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಬೇರೆಯೇ ಕೆಲಸ. ಆ ವಿಚಾರವನ್ನು ಈ ಪಾಠದಲ್ಲಿ ನೋಡೋಣ.

ಪದ್ಧತಿ ಎಂದರೇನು?

ಅಕ್ಕಿ, ರಾಗಿ, ಗೋಧಿ, ಗೆಣಸು, ಸಕ್ಕರೆ, ಬೆಲ್ಲ ಇವುಗಳಲ್ಲಿ ಮುಖ್ಯವಾಗಿ ಇರುವುದು ಶರ್ಕರಪಿಷ್ಟ. ದಿನಕ್ಕೆ ಸುಮಾರು 50 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ತಿನ್ನುವುದನ್ನು ಅತಿ ಕಡಿಮೆ ಪಿಷ್ಟದ ಆಹಾರ ಎನ್ನುತ್ತಾರೆ. ಬೇಯಿಸಿದ ಅನ್ನ 200 ಗ್ರಾಂ ಉಂಡರೆ ಅದರಲ್ಲೇ ಸುಮಾರು 55 ಗ್ರಾಂ ಆಯಿತು. ಚಮಚಕ್ಕೆ 5 ಗ್ರಾಂನಂತೆ ಸಕ್ಕರೆ ಹಾಕಿ ದಿನಕ್ಕೆ ಐದು ಲೋಟ ಕಾಫಿ ಕುಡಿದರೆ 25 ಗ್ರಾಂ, ಅಂದರೆ ದಿನದ ಪಾಲಿನ ಅರ್ಧ, ಅಲ್ಲಿಯೇ ಮುಗಿಯುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ದಾರಿ ಹೊಸದೇನಲ್ಲ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ವೈದ್ಯರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಹುಮಟ್ಟಿಗೆ ಬಿಟ್ಟು, ಸುಮಾರು ಒಂದು ವರ್ಷದಲ್ಲಿ 21 ಕಿಲೋ ಇಳಿದು, 1863ರಲ್ಲಿ ಅದರ ಬಗ್ಗೆ ಒಂದು ಕಿರುಹೊತ್ತಿಗೆ ಪ್ರಕಟಿಸಿದ. ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಬರೆದ ಪುಸ್ತಕದಿಂದ ಇದು ಮತ್ತೆ ಪ್ರಚಾರಕ್ಕೆ ಬಂತು.

ಹಸಿ ತೂಕ, ಒಣ ತೂಕ

ಹಸಿ ಅಡಿಕೆಯ ತೂಕಕ್ಕೂ ಒಣಗಿದ ಅಡಿಕೆಯ ತೂಕಕ್ಕೂ ಇರುವ ಅಂತರ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಹದಲ್ಲಿಯೂ ಹಾಗೆಯೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ರೂಪದಲ್ಲಿ ಸುಮಾರು ಅರ್ಧ ಕಿಲೋ ಪಿಷ್ಟ ದಾಸ್ತಾನಿರುತ್ತದೆ. ಅದರ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಸೇರಿರುತ್ತದೆ. ಅನ್ನ ಬಿಟ್ಟ ಮೊದಲ ವಾರ ಇಳಿಯುವ ಒಂದೆರಡು ಕಿಲೋ ಬಹುಪಾಲು ಈ ನೀರೇ. ಮದುವೆ ಊಟ ಮಾಡಿದ ಮರುದಿನ ಅದೇ ಒಂದೆರಡು ಕಿಲೋ ಮರಳಿದರೆ ಅದೂ ನೀರೇ. ಹಾಗಾಗಿ ಮೊದಲ ವಾರ ಹಿಗ್ಗಲೂ ಬೇಡ, ಹಬ್ಬದ ಮರುದಿನ ಎದೆಗುಂದಲೂ ಬೇಡ.

ತೂಕ ಮರಳುವುದೇಕೆ?

ಮೈ ಹಗುರಾದಂತೆ ಅದಕ್ಕೆ ಬೇಕಾದ ಆಹಾರವೂ ಕಡಿಮೆಯಾಗುತ್ತದೆ. ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 25 ಕ್ಯಾಲೊರಿಯಷ್ಟು ಖರ್ಚು ತಗ್ಗುತ್ತದೆಂದು ಅಂದಾಜು. ಹತ್ತು ಕಿಲೋ ಇಳಿದವರಿಗೆ ಇದು 250 ಕ್ಯಾಲೊರಿ. ಹೆಚ್ಚುಕಡಿಮೆ ಮೇಲೆ ಹೇಳಿದ 200 ಗ್ರಾಂ ಅನ್ನದಷ್ಟು. ಸಾಲದೆಂಬಂತೆ ಹಸಿವೂ ಹೆಚ್ಚುತ್ತದೆ. ಆದ್ದರಿಂದ ಹಳೆಯ ಊಟಕ್ಕೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ.

ಇಸ್ರೇಲಿನ ಡಿಮೋನಾದಲ್ಲಿ 322 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಪಿಷ್ಟ ತಿಂದವರು ಎರಡು ವರ್ಷಕ್ಕೆ ಸರಾಸರಿ 4.7 ಕಿಲೋ ಇಳಿದಿದ್ದರು. ಆರು ವರ್ಷದ ಕೊನೆಗೆ ಉಳಿದ ಇಳಿಕೆ 1.7 ಕಿಲೋ ಮಾತ್ರ. ಅಮೆರಿಕದಲ್ಲಿ 609 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪಿಷ್ಟ ಕಡಿಮೆ ಮಾಡಿದವರೂ ಕೊಬ್ಬು ಕಡಿಮೆ ಮಾಡಿದವರೂ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಸಮನಾಗಿಯೇ ಇಳಿದರು. ಇವುಗಳಿಂದ ತಿಳಿಯುವುದೇನೆಂದರೆ, ಪದ್ಧತಿ ಯಾವುದು ಎಂಬುದಕ್ಕಿಂತ ಅದನ್ನು ಎಷ್ಟು ಕಾಲ ನಡೆಸಿಕೊಂಡು ಹೋಗುತ್ತೇವೆ ಎಂಬುದೇ ಮುಖ್ಯ.

ಮೊದಲು ಒಂದು ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ನುಂಗುವವರಲ್ಲಿ ರಕ್ತ ಆಮ್ಲೀಯವಾಗುವ ಗಂಡಾಂತರವುಂಟು. ಇಂಥವರು, ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಈ ಪದ್ಧತಿಗೆ ಕೈಹಾಕಕೂಡದು. ಔಷಧವನ್ನು ತಾವಾಗಿಯೇ ನಿಲ್ಲಿಸಲೂ ಕೂಡದು. ಕೆಲವರಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುವುದರಿಂದ ರಕ್ತಪರೀಕ್ಷೆಯೂ ಅಗತ್ಯ.

ಉಳಿಸಿಕೊಳ್ಳುವ ಕ್ರಮ

1. ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಬೆಳಗಿನ ಕಾಫಿಗೆ ಮುಂಚೆ ತೂಕ ನೋಡಿರಿ. ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಅದನ್ನೂ ಬರೆದಿಡಿರಿ. ಒಂದು ದಿನದ ಮಳೆ ನೋಡಿ ವರ್ಷವನ್ನು ಅಳೆಯುವುದಿಲ್ಲವಷ್ಟೆ? ನಾಲ್ಕು ವಾರಗಳ ಸರಾಸರಿ ನೋಡಿರಿ. ಅದು 2 ಕಿಲೋ ಏರಿದರೆ ಆಗಲೇ ಊಟ ಸರಿಪಡಿಸಿರಿ. ಹತ್ತು ಕಿಲೋ ಆಗುವವರೆಗೆ ಕಾಯಬೇಡಿರಿ.

2. ಗುರಿ ಮುಟ್ಟಿದ ಮೇಲೆ ಒಮ್ಮೆಲೇ ಅನ್ನಕ್ಕೆ ಮರಳಬೇಡಿರಿ. ದಿನದ ಪಾಲಿಗೆ ವಾರಕ್ಕೆ 10 ಗ್ರಾಂ ಪಿಷ್ಟದಂತೆ, ಅಂದರೆ ಸುಮಾರು 35 ಗ್ರಾಂ ಅನ್ನದಷ್ಟು, ಸೇರಿಸುತ್ತಾ ಹೋಗಿರಿ. ತೂಕ ಏರತೊಡಗಿದಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಿರಿ. ಅದೇ ನಿಮ್ಮ ಮಿತಿ. ಅದು ಒಬ್ಬೊಬ್ಬರಿಗೆ ಒಂದೊಂದು ತೆರ.

3. ಪ್ರತಿ ಊಟದಲ್ಲಿ ಮೊಟ್ಟೆ, ಮೀನು, ಕೋಳಿ, ಪನೀರು ಅಥವಾ ಮೊಸರು ಇರಲಿ. ಬಸಳೆ, ಕೆಸುವಿನ ಸೊಪ್ಪು, ಕಳಲೆ, ತೊಂಡೆ, ಹೀರೆ, ಅಣಬೆ ಧಾರಾಳವಾಗಿರಲಿ. ತುಪ್ಪ, ಕಾಯಿ, ಕೊಬ್ಬರಿಗಳಲ್ಲಿ ಪಿಷ್ಟ ಕಡಿಮೆಯೆಂದು ಲೆಕ್ಕವಿಲ್ಲದೆ ತಿಂದರೆ ತೂಕ ಏರಿಯೇ ಏರುತ್ತದೆ.

4. ಮಳೆಗಾಲದಲ್ಲಿ ಎಚ್ಚರ ಹೆಚ್ಚಿರಲಿ. ಕೊಯ್ಲಿನ ದಿನಗಳ ಓಡಾಟ ಆಗ ಇರುವುದಿಲ್ಲ. ಹಲಸಿನ ಹಪ್ಪಳ, ಬಿಸಿ ಕಡುಬು ಮಾತ್ರ ಇರುತ್ತವೆ. ತೂಕ ಇಳಿಸಿ ಉಳಿಸಿಕೊಂಡವರ ದಾಖಲೆಯನ್ನು ಅಮೆರಿಕದಲ್ಲಿ 1994ರಲ್ಲಿ ಆರಂಭಿಸಿದರು. ಅದರಲ್ಲಿರುವವರು ಸರಾಸರಿ ದಿನಕ್ಕೊಂದು ಗಂಟೆಯಷ್ಟು ದೇಹಶ್ರಮ ಮಾಡುತ್ತಾರೆ. ಮಳೆ ಬಿಡುವು ಕೊಟ್ಟಾಗ ಬೇಲಿಯ ಸುತ್ತ ಒಂದು ಸುತ್ತು ಬಂದರೆ ತೋಟವನ್ನೂ ನೋಡಿದಂತಾಯಿತು.

5. ಮನೆಯಲ್ಲಿ ಒಬ್ಬರಿಗಾಗಿ ಬೇರೆ ಅಡಿಗೆ ಬಹುಕಾಲ ನಡೆಯುವುದಿಲ್ಲ. ಪಲ್ಯ, ಸಾರು, ಮೊಸರು ಎಲ್ಲರಿಗೂ ಒಂದೇ ಇರಲಿ. ಅನ್ನದ ಪ್ರಮಾಣ ಮಾತ್ರ ಅವರವರಿಗೆ ತಕ್ಕಂತೆ ಬೇರೆಯಿರಲಿ.

ಗಿಡ ಕಸಿ ಮಾಡುವುದು ಒಂದೇ ಸಲ, ಚಿಗುರು ತೆಗೆಯುವುದು ಪ್ರತಿ ವರ್ಷ. ತೂಕ ಇಳಿಸುವುದು ಕೆಲವು ತಿಂಗಳ ಕೆಲಸ, ಉಳಿಸಿಕೊಳ್ಳುವುದು ಜೀವನಪೂರ್ತಿಯ ಕೆಲಸ. ಹತ್ತು ವರ್ಷ ಉಣ್ಣಲಾಗದ ಊಟವನ್ನು ಆರು ತಿಂಗಳ ಮಟ್ಟಿಗೆ ಆರಿಸಿಕೊಳ್ಳುವುದಕ್ಕಿಂತ, ಹತ್ತು ವರ್ಷ ನಡೆಸಬಲ್ಲ ಮಿತವಾದ ಊಟವನ್ನು ಇಂದೇ ಆರಿಸಿಕೊಳ್ಳುವುದು ಲೇಸೆಂದು ನಾವು ಸದಸ್ಯರಲ್ಲಿ ವಿನಂತಿಸುತ್ತೇವೆ.