ಬ್ಯಾಟರಿಯದೇ ತಪ್ಪೇ?

ಮಕ್ಕಳೇ, ಹಳೆಯ ಕಾರಿನ ಕೀಲಿ ತಿರುಗಿಸಿದಾಗ ಕೆಲವೊಮ್ಮೆ ‘ಟಕ್ ಟಕ್’ ಎಂಬ ಸದ್ದು ಮಾತ್ರ ಬರುತ್ತದೆ. ಎಂಜಿನ್ ಚಾಲೂ ಆಗುವುದಿಲ್ಲ. “ಬ್ಯಾಟರಿ ಕೆಟ್ಟಿದೆ, ಹೊಸದು ಹಾಕಿ” ಎಂದು ಹಲವರು ಹೇಳುತ್ತಾರೆ. ಅದು ನಿಜವೇ? ಪರೀಕ್ಷಿಸಿ ನೋಡೋಣ.

ಬ್ಯಾಟರಿಯು ನೀರಿನ ತೊಟ್ಟಿ ಇದ್ದಂತೆ. ಎಂಜಿನ್ ಚಾಲೂ ಮಾಡುವಾಗ ಅದರಲ್ಲಿರುವ ವಿದ್ಯುತ್ತು ಖರ್ಚಾಗುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಎಂಬ ಯಂತ್ರವು ತೊಟ್ಟಿಯನ್ನು ಮತ್ತೆ ತುಂಬುತ್ತದೆ. ಈ ಯಂತ್ರವನ್ನು ತಿರುಗಿಸುವುದು ಒಂದು ರಬ್ಬರ್ ಬೆಲ್ಟು.

ಒಳ್ಳೆಯ ಮೆಕ್ಯಾನಿಕ್ ಮೊದಲು ಕಣ್ಣಿನಿಂದ ನೋಡುತ್ತಾರೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯೇ? ತಂತಿ ಸಡಿಲವಾಗಿದೆಯೇ? ಬೆಲ್ಟು ಸವೆದಿದೆಯೇ? ಬಳಿಕ ಮೀಟರಿನಿಂದ ಅಳೆಯುತ್ತಾರೆ. ಎಂಜಿನ್ ನಿಂತಿರುವಾಗ, ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಅದು ಸುಮಾರು 14 ವೋಲ್ಟ್‌ಗೆ ಏರಬೇಕು. ಏರದಿದ್ದರೆ ತೊಟ್ಟಿ ತುಂಬುತ್ತಿಲ್ಲ ಎಂದು ತಿಳಿಯಿರಿ. ಆಗ ಹೊಸ ಬ್ಯಾಟರಿ ಹಾಕಿದರೂ ಅದು ಬೇಗನೆ ಬರಿದಾಗುತ್ತದೆ. ಹಣವೂ ದಂಡ! ಆದುದರಿಂದ ಕಾರಣ ತಿಳಿಯದೆ ಯಾವ ಭಾಗವನ್ನೂ ಬದಲಿಸಬಾರದು.

ಎಚ್ಚರಿಕೆ: ಬ್ಯಾಟರಿಯೊಳಗೆ ಚರ್ಮ ಸುಡುವ ಆಮ್ಲವಿದೆ. ಅದರಿಂದ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಬೆಂಕಿ ತಗುಲಿದರೆ ಸ್ಫೋಟವಾಗುತ್ತದೆ. ನೀವು ದೂರದಿಂದಲೇ ನೋಡಿರಿ, ಮುಟ್ಟಬೇಡಿರಿ.

ಅಭ್ಯಾಸ
1. ಬ್ಯಾಟರಿಯನ್ನು ತೊಟ್ಟಿಗೆ ಏಕೆ ಹೋಲಿಸಲಾಗಿದೆ?
2. ಬೆಲ್ಟು ತುಂಡಾದರೆ ಬ್ಯಾಟರಿಗೆ ಏನಾಗುತ್ತದೆ? ಯೋಚಿಸಿ ಹೇಳಿರಿ.
3. ಎಂಜಿನ್ ಓಡುವಾಗ ಮೀಟರು 12.2 ವೋಲ್ಟ್ ತೋರಿಸಿತು. ಇದರಿಂದ ಏನು ತಿಳಿಯುತ್ತದೆ?